ಇಂಗ್ಲಿಷಿನ ‘ಟೇಕ್’ಗೆ ತಗಾಲೊಗ್‌ನಲ್ಲಿ ಏನನ್ನಬೇಕು? ಹಂತ ಹಂತವಾಗಿ ಒಂದು ಸಮಗ್ರ ಮಾರ್ಗದರ್ಶಿ

ಇಂಗ್ಲಿಷಿನಲ್ಲಿ ಮಾತ್ರೆಗೂ ಟೇಕ್, ಬಸ್ಸಿಗೂ ಟೇಕ್, ಫೋಟೋಗೂ ಟೇಕ್, ಸ್ನಾನಕ್ಕೂ ಟೇಕ್. ಅದೇ ಪದಕ್ಕೆ ತಗಾಲೊಗ್ ಡಿಕ್ಷನರಿ ತೆರೆದರೆ ಸಾಮಾನ್ಯವಾಗಿ ಮೊದಲು ಸಿಗುವುದು ‘ಕೂಹ’. ಅದನ್ನೇ ಎಲ್ಲ ಕಡೆ ಹಾಕಿದರೆ ಮಾತು ಕೆಡುತ್ತದೆ. ಮಾತ್ರೆ ನುಂಗಿದೆ ಅನ್ನುವ ಬದಲು ಮೆಡಿಕಲ್ ಶಾಪಿನಿಂದ ಮಾತ್ರೆ ತಂದೆ ಅಂದಂತಾಗುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟೆ ಅನ್ನುವ ಬದಲು ಮಗುವನ್ನು ತಗೊಂಡು ಹೋಗಿಬಿಟ್ಟೆ ಅಂದಂತೆ ಕೇಳಿಸುತ್ತದೆ.

ತಗಾಲೊಗ್ ಫಿಲಿಪೀನ್ಸಿನ ಮನಿಲಾ ಮತ್ತು ಸುತ್ತಲಿನ ಲುಸೋನ್ ದ್ವೀಪದ ಪ್ರಾಂತ್ಯಗಳ ಭಾಷೆ. 1937ರಲ್ಲಿ ಅಧ್ಯಕ್ಷ ಮಾನ್ವೆಲ್ ಕೆಸೋನ್ ಇದನ್ನು ರಾಷ್ಟ್ರಭಾಷೆಗೆ ಆಧಾರವಾಗಿ ಘೋಷಿಸಿದರು. ಇವತ್ತಿನ ‘ಫಿಲಿಪಿನೊ’ ಭಾಷೆ ಬೆಳೆದದ್ದು ಇದರ ಮೇಲೆಯೇ. ಕನ್ನಡಿಗರಿಗೆ ಇದು ಯಾಕೆ ಬೇಕು ಅಂದರೆ, ಮಂಗಳೂರು, ಉಡುಪಿ, ಭಟ್ಕಳದಿಂದ ಗಲ್ಫ್‌ಗೆ ಹೋದವರ ಪಕ್ಕದಲ್ಲೇ ಫಿಲಿಪಿನೊ ನರ್ಸುಗಳು, ಕ್ಯಾಷಿಯರ್‌ಗಳು, ಆಫೀಸಿನವರು ಕೆಲಸ ಮಾಡುತ್ತಾರೆ. ಎಂಬಿಬಿಎಸ್‌ಗೆ ಸಮಾನವಾದ ಕೋರ್ಸ್ ಓದಲು ನಮ್ಮ ಮಕ್ಕಳು ಫಿಲಿಪೀನ್ಸಿಗೆ ಹೋಗುವುದೂ ಇದೆ.

ನಾನು ಹೇಳುವ ದಾರಿ ಸರಳ. ಇಂಗ್ಲಿಷಿನಿಂದ ತಗಾಲೊಗ್‌ಗೆ ಹಾರಬೇಡಿ. ಮೊದಲು ಅದೇ ಮಾತನ್ನು ಮನೆಯಲ್ಲಿ ಆಡುವ ಕನ್ನಡದಲ್ಲಿ ಹೇಳಿಕೊಳ್ಳಿ. ಬಸ್ಸನ್ನು ನಾವು ‘ತಗೊಳ್ಳುವುದಿಲ್ಲ’, ಹತ್ತುತ್ತೇವೆ. ಸ್ನಾನ ಮಾಡುತ್ತೇವೆ. ತಗಾಲೊಗ್ ಕೂಡ ಹೆಚ್ಚುಕಡಿಮೆ ಹಾಗೇ ಯೋಚಿಸುತ್ತದೆ. ಕೆಲವು ಕಡೆ ಮಾತ್ರ ಕನ್ನಡವೂ ದಾರಿ ತಪ್ಪಿಸುತ್ತದೆ, ಆ ಜಾಗಗಳನ್ನು ಗುರುತು ಮಾಡಿ ಹೇಳುತ್ತೇನೆ.

ಹಂತ 1: ಮೊದಲು ಬಾಯಿ ತಿರುಗಿಸಿ

ಇಲ್ಲಿರುವ ತಗಾಲೊಗ್ ಮಾತುಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಓದುವ ಮೊದಲು ಮೂರು ವಿಷಯ ತಿಳಿದಿರಲಿ.

ಮೊದಲನೆಯದು ಙ. ನಮ್ಮ ವರ್ಣಮಾಲೆಯಲ್ಲಿ ಈ ಅಕ್ಷರವನ್ನು ಕ-ವರ್ಗದ ಕೊನೆಯಲ್ಲಿ ಬಾಯಿಪಾಠ ಮಾಡುತ್ತೇವೆ, ಆಮೇಲೆ ಹೆಚ್ಚುಕಡಿಮೆ ಬಳಸುವುದೇ ಇಲ್ಲ. ತಗಾಲೊಗ್‌ನಲ್ಲಿ ಇದು ಎಲ್ಲೆಲ್ಲೂ ಇದೆ, ಪದದ ಶುರುವಿನಲ್ಲೂ ಬರುತ್ತದೆ. ‘ಈಗ’ ಅನ್ನುವುದಕ್ಕೆ ‘ಙಯೋನ್’. ‘ಗಂಗೆ’ ಅನ್ನುವಾಗ ‘ಗ’ಕ್ಕೆ ಮೊದಲು ಮೂಗಿನಲ್ಲಿ ಬರುವ ಸದ್ದು ಇದೆಯಲ್ಲ, ಅದನ್ನೇ ಒಂಟಿಯಾಗಿ ಹೇಳಿ. ನಾನು ‘ಲಙ್’, ‘ನಙ್’ ಅಂತ ಬರೆದ ಕಡೆ ಕೊನೆಗೆ ‘ಗ್’ ಸೇರಿಸಬೇಡಿ.

ಎರಡನೆಯದು ತ ಮತ್ತು ದ. ಇಂಗ್ಲಿಷ್ ಅಕ್ಷರ ನೋಡಿ ‘ಟ’, ‘ಡ’ ಅಂದುಕೊಳ್ಳುತ್ತೇವೆ. ಅವರ ಸದ್ದು ನಮ್ಮ ತ, ದಗಳೇ. ಅದಕ್ಕೇ ಭಾಷೆಯ ಹೆಸರನ್ನೂ ‘ತಗಾಲೊಗ್’ ಎಂದು ಬರೆದಿದ್ದೇನೆ. ಮಹಾಪ್ರಾಣ ಇಲ್ಲವೇ ಇಲ್ಲ.

ಮೂರನೆಯದು ಒತ್ತು. ಎಲ್ಲಿ ದೀರ್ಘ ಹಾಕಿದ್ದೇನೋ ಅಲ್ಲಿ ಸ್ವಲ್ಪ ಎಳೆದು ಒತ್ತಿ ಹೇಳಿ. ಇದು ಸುಮ್ನೆ ಅಲಂಕಾರಕ್ಕಲ್ಲ. ‘ಬಾಬ’ ಅಂದರೆ ಗದ್ದ, ‘ಬಬಾ’ ಅಂದರೆ ಇಳಿ. ಅವರು ಬರೆಯುವಾಗ ಈ ಒತ್ತನ್ನು ಸಾಮಾನ್ಯವಾಗಿ ಗುರುತು ಹಾಕುವುದಿಲ್ಲ. ಕಿವಿಯಿಂದಲೇ ಕಲಿಯಬೇಕು.

ಹಂತ 2: ‘ಕೂಹ’ದ ರೂಪಗಳನ್ನು ಕೈವಶ ಮಾಡಿಕೊಳ್ಳಿ

‘ಕೂಹ’ ಅಂದರೆ ಕೈ ಚಾಚಿ ಒಂದು ವಸ್ತುವನ್ನು ತಗೊಳ್ಳುವುದು, ಅದು ಇದ್ದ ಜಾಗದಿಂದ ನಿಮ್ಮ ಕೈಗೆ ಬರುವುದು. ಇದೇ ಇದರ ತಿರುಳು. ಈ ಒಂದು ಪದದ ಮೇಲೆ ಸಮಯ ಹಾಕಿ, ಯಾಕೆಂದರೆ ಇದರಲ್ಲಿ ಕಲಿತ ಕಟ್ಟು ಮುಂದೆ ಬರುವ ಎಲ್ಲ ಪದಗಳಿಗೂ ಆಗುತ್ತದೆ.

ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾಗುತ್ತದೆ: ತಗೊಂಡೆ, ತಗೊಳ್ತೀನಿ. ತಗಾಲೊಗ್‌ನಲ್ಲಿ ಹೊಟ್ಟೆಯೊಳಗೆ ಅಕ್ಷರ ಸೇರುತ್ತದೆ. ‘ಕೂಹ’ದ ಮೊದಲ ವ್ಯಂಜನ ‘ಕ್’ ಆದ ಮೇಲೆ ‘ಉಮ್’ ತುರುಕಿದರೆ ‘ಕುಮೂಹ’. ‘ಇನ್’ ತುರುಕಿದರೆ ‘ಕಿನೂಹ’. ಎರಡಕ್ಕೂ ಕನ್ನಡದಲ್ಲಿ ‘ತಗೊಂಡೆ’ ಅಂತಲೇ ಹೇಳುತ್ತೇವೆ. ಹಾಗಾದರೆ ಏನು ವ್ಯತ್ಯಾಸ?

‘ಕುಮೂಹ ಅಕೋ ನಙ್ ಲಿಬ್ರೊ’: ನಾನು ಪುಸ್ತಕ ತಗೊಂಡೆ. ಯಾವುದೋ ಒಂದು ಪುಸ್ತಕ.

‘ಕಿನೂಹ ಕೋ ಅಙ್ ಲಿಬ್ರೊ’: ನಾನು ಆ ಪುಸ್ತಕವನ್ನು ತಗೊಂಡೆ. ಯಾವ ಪುಸ್ತಕ ಅಂತ ನಮಗಿಬ್ಬರಿಗೂ ಗೊತ್ತು.

ಕನ್ನಡದವರಿಗೆ ಇದು ಅಷ್ಟು ಹೊಸದಲ್ಲ. ‘ಪುಸ್ತಕ ತಗೊಂಡೆ’ ಮತ್ತು ‘ಪುಸ್ತಕವನ್ನು ತಗೊಂಡೆ’ ಎರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ‘ಅನ್ನು’ ಸೇರಿದ ಕೂಡಲೇ ಆ ಪುಸ್ತಕ ಗೊತ್ತಿರುವ ಪುಸ್ತಕವಾಗುತ್ತದೆ, ಅಲ್ವಾ? ನಾವು ನಾಮಪದಕ್ಕೆ ಗುರುತು ಹಾಕಿ ಹೇಳುವುದನ್ನು ಅವರು ಕ್ರಿಯಾಪದದಲ್ಲೂ ಗುರುತು ಹಾಕಿ ಹೇಳುತ್ತಾರೆ. ನಾಮಪದದ ಮುಂದಿನ ಪುಟ್ಟ ಪದವೂ ಜೊತೆಗೆ ಬದಲಾಗುತ್ತದೆ: ಗೊತ್ತಿಲ್ಲದ್ದಕ್ಕೆ ‘ನಙ್’, ಗೊತ್ತಿರುವುದಕ್ಕೆ ‘ಅಙ್’. ‘ನಾನು’ ಕೂಡ ‘ಅಕೋ’ ಇದ್ದದ್ದು ‘ಕೋ’ ಆಗುತ್ತದೆ. ಶುರುವಿನಲ್ಲಿ ಇಷ್ಟು ನೆನಪಿದ್ದರೆ ಸಾಕು. ವ್ಯಾಕರಣದ ದೊಡ್ಡ ಹೆಸರುಗಳನ್ನು ಆಮೇಲೆ ನೋಡಬಹುದು.

ಈಗ ಕಾಲ. ಕೆಲಸ ಮುಗಿದಿದೆಯೋ, ನಡೆಯುತ್ತಿದೆಯೋ, ಇನ್ನೂ ಶುರುವಾಗಿಲ್ಲವೋ ಅನ್ನುವುದನ್ನೇ ತಗಾಲೊಗ್ ಮುಖ್ಯವಾಗಿ ನೋಡುತ್ತದೆ. ಮುಗಿಯದ ಕೆಲಸಕ್ಕೆ ಪದದ ಮೊದಲ ತುಂಡನ್ನು ಎರಡು ಸಲ ಹೇಳುತ್ತಾರೆ:

ಕುಮೂಹ (ತಗೊಂಡಾಯ್ತು), ಕುಮುಕೂಹ (ತಗೊಳ್ತಾ ಇದೆ), ಕುಕೂಹ (ತಗೊಳ್ಳಲಿದೆ).

ಕಿನೂಹ, ಕಿನುಕೂಹ, ಕುಕೂನಿನ್: ಇದು ಗೊತ್ತಿರುವ ವಸ್ತುವಿನ ಸಾಲು.

ಕೊನೆಯ ‘ಕುಕೂನಿನ್’ ಒಂದು ಸ್ವಲ್ಪ ತಕರಾರು. ಆಜ್ಞೆಯ ರೂಪ ‘ಕೂನಿನ್’, ಅಂದರೆ ‘ಅದನ್ನು ತಗೋ’. ನಡುವಿನ ‘ಹ’ ಬಿದ್ದುಹೋಗಿದೆ. ಇದನ್ನು ಬಾಯಿಪಾಠವೇ ಮಾಡಬೇಕು. ‘ಕೂನಿನ್ ಮೋ ಇತೋ’, ಇದನ್ನು ತಗೋ.

ಇನ್ನೊಂದು ಮಾತು. ‘ಕುಮೂಹ’ ಅನ್ನುವುದು ಮುಗಿದ ಕೆಲಸವೂ ಹೌದು, ಆಜ್ಞೆಯೂ ಹೌದು. ‘ಕುಮೂಹ ಕಾ ನಙ್ ತೂಬಿಗ್’ ಅಂದರೆ ‘ನೀರು ತಗೋ’ ಅಂತಲೂ ಆಗಬಹುದು, ‘ನೀನು ನೀರು ತಗೊಂಡೆ’ ಅಂತಲೂ ಆಗಬಹುದು. ಸಂದರ್ಭವೇ ಹೇಳುತ್ತದೆ, ಗಾಬರಿ ಬೇಡ.

ಹಂತ 3: ಕೈಗೆ ಬಂದ ಮೇಲೆ ಎಲ್ಲಿಗೆ ಹೋಗುತ್ತದೆ?

‘ಟೇಕ್’ ಅಂದಾಗ ವಸ್ತು ಬರೀ ಕೈಗೆ ಬಂತೋ, ಇನ್ನೊಂದು ಜಾಗಕ್ಕೆ ಹೋಯಿತೋ ಎಂದು ಕೇಳಿಕೊಳ್ಳಿ. ಜಾಗ ಬದಲಾದರೆ ‘ಕೂಹ’ ಬಿಟ್ಟು ‘ದಲಾ’ಕ್ಕೆ ಬನ್ನಿ.

‘ಮಗ್ದಲಾ ಕಾ ನಙ್ ಪಾಯೊಙ್’: ಒಂದು ಕೊಡೆ ತಗೊಂಡು ಹೋಗು. ಮನಿಲಾದ ಮಳೆಗಾಲದಲ್ಲಿ ಈ ಮಾತು ತುಂಬಾ ಕೇಳಿಸುತ್ತದೆ. ‘ಮಯ್ ದಲಾ ಕಾ ಬಙ್ ಪಾಯೊಙ್?’ ಅಂದರೆ ನಿನ್ನ ಹತ್ತಿರ ಕೊಡೆ ಇದೆಯಾ, ತಂದಿದ್ದೀಯಾ ಅಂತ. ಗೊತ್ತಿರುವ ವಸ್ತುವಾದರೆ ‘ದಲ್ಹಿನ್’. ಮುಗಿದದ್ದಕ್ಕೆ ‘ದಿನಲಾ’.

ತಗೊಂಡು ಬರುವುದಕ್ಕೂ ತಗೊಂಡು ಹೋಗುವುದಕ್ಕೂ ‘ದಲಾ’ ಒಂದೇ. ಇಂಗ್ಲಿಷಿನಲ್ಲಿ ಎರಡು ಪದ. ಕನ್ನಡದಲ್ಲಿ ‘ತಗೊಂಡು’ ಒಂದೇ ಇದ್ದು ‘ಬಾ’, ‘ಹೋಗು’ ಬೇರೆಯಾಗುತ್ತದೆ. ತಗಾಲೊಗ್‌ನಲ್ಲಿ ಆ ಕೆಲಸವನ್ನು ಜಾಗದ ಪದ ಮಾಡುತ್ತದೆ. ‘ದಲ್ಹಿನ್ ಮೋ ದೀತೊ’ ಅಂದರೆ ಇಲ್ಲಿಗೆ ತಾ. ‘ದಲ್ಹಿನ್ ಮೋ ದೊಓನ್’ ಅಂದರೆ ಅಲ್ಲಿಗೆ ತಗೊಂಡು ಹೋಗು. ಜಾಗದ ಪದ ಬಿಟ್ಟರೆ ಕೇಳಿದವರಿಗೆ ಗೊಂದಲ ಆಗಬಹುದು, ಆದ್ದರಿಂದ ಕಲಿಯುವವರು ಬಿಡದಿರುವುದೇ ಒಳ್ಳೆಯದು.

ಹೋಗುತ್ತಿರುವುದು ಮನುಷ್ಯನಾದರೆ ಮತ್ತೆ ಬೇರೆ. ಇಲ್ಲಿ ಕನ್ನಡ ತುಂಬಾ ಸಹಾಯ ಮಾಡುತ್ತದೆ. ‘ಅವನನ್ನು ಏರ್‌ಪೋರ್ಟಿಗೆ ಬಿಟ್ಟು ಬಾ’ ಅನ್ನುತ್ತೇವಲ್ಲ, ಆ ‘ಬಿಟ್ಟು ಬರುವುದು’ ತಗಾಲೊಗ್‌ನಲ್ಲಿ ‘ಹತಿದ್’. ‘ಇಹತಿದ್ ಮೋ ಸಿಯಾ ಸಾ ಏರ್‌ಪೋರ್ಟ್.’ ‘ಕರ್ಕೊಂಡು ಬರುವುದು’ ‘ಸುಂದೊ’. ‘ಸುಸುಂದುಇನ್ ಕಿತಾ ನಙ್ ಅಲಸ್ ಸಿಂಕೊ’ ಅಂದರೆ ಐದು ಗಂಟೆಗೆ ಬಂದು ನಿನ್ನನ್ನು ಕರ್ಕೊಂಡು ಹೋಗ್ತೀನಿ. (ಗಡಿಯಾರದ ಹೊತ್ತು ಹೇಳಲು ಹೆಚ್ಚಾಗಿ ಸ್ಪ್ಯಾನಿಷ್ ಸಂಖ್ಯೆ ಬಳಸುತ್ತಾರೆ. ಮುನ್ನೂರು ವರ್ಷಕ್ಕೂ ಜಾಸ್ತಿ ಸ್ಪೇನ್ ಆಳಿದ ಗುರುತು ಅದು.) ಎರಡೂ ಸೇರಿ ‘ಹತಿದ್-ಸುಂದೊ’ ಅಂದರೆ ದಿನಾ ಬಿಡುವುದು, ಕರೆತರುವುದು. ಶಾಲೆಯ ಮಕ್ಕಳಿರುವ ಮನೆಯಲ್ಲಿ ಈ ಜೋಡಿಪದ ಬೇಕೇಬೇಕು. ಜೊತೆಯಲ್ಲಿ ಕರೆದುಕೊಂಡು ಹೋಗುವುದಕ್ಕೆ ‘ಸಾಮ’: ‘ಇಸಾಮ ಮೋ ಅಕೋ’, ನನ್ನನ್ನೂ ಕರ್ಕೊಂಡು ಹೋಗು.

ಈಗ ಶುರುವಿನಲ್ಲಿ ಹೇಳಿದ ಎಚ್ಚರಿಕೆ. ‘ಕಿನೂಹ ಕೋ ಅಙ್ ಬಾತ’ ಅಂದರೆ ‘ಮಗುವನ್ನು ತಗೊಂಡುಬಿಟ್ಟೆ’. ಯಾರದೋ ಕೈಯಿಂದ ಮಗುವನ್ನು ನನ್ನ ವಶಕ್ಕೆ ತಗೊಂಡೆ ಅನ್ನುವ ಅರ್ಥ ಬರುತ್ತದೆ. ಸ್ಕೂಲಿಗೆ ಬಿಟ್ಟಿದ್ದಾದರೆ ‘ಹಿನತಿದ್ ಕೋ ಅಙ್ ಬಾತ ಸಾ ಎಸ್ಕ್ವೇಲ’. ಮನುಷ್ಯರ ವಿಷಯದಲ್ಲಿ ‘ಕೂಹ’ ಬಳಸುವ ಮೊದಲು ಒಂದು ಕ್ಷಣ ನಿಲ್ಲಿ.

ಹಂತ 4: ಬಸ್ಸು, ಜೀಪ್ನಿ, ಟ್ಯಾಕ್ಸಿ

ವಾಹನಕ್ಕೆ ‘ಸಕಾಯ್’, ಅಂದರೆ ಹತ್ತು. ‘ಸುಮಕಾಯ್ ಕಾ ನಙ್ ಬಸ್’, ಬಸ್ ಹತ್ತು. ಸುಮಕಾಯ್, ಸುಮಸಕಾಯ್, ಸಸಕಾಯ್: ಮುಗಿದದ್ದು, ನಡೆಯುತ್ತಿರುವುದು, ಆಗಬೇಕಾದ್ದು. ‘ಕೂಹ’ದಲ್ಲಿ ಕಲಿತದ್ದೇ ಇಲ್ಲೂ ಬಂತು. ಇಳಿಯುವುದಕ್ಕೆ ‘ಬುಮಬಾ’.

ಇನ್ನೂ ಸುಲಭದ ದಾರಿ ಒಂದಿದೆ. ವಾಹನದ ಹೆಸರಿಗೆ ‘ಮಗ್’ ಅಂಟಿಸಿ. ‘ಮಗ್-ಬಸ್ ತಾಯೊ’, ಬಸ್ಸಲ್ಲಿ ಹೋಗೋಣ. ‘ಮಗ್-ತಾಕ್ಸಿ ನಾ ಲಙ್ ತಾಯೊ’, ಟ್ಯಾಕ್ಸೀಲೇ ಹೋಗಿಬಿಡೋಣ. ಯಾವ ವಾಹನಕ್ಕೂ ಇದು ನಡೆಯುತ್ತದೆ.

‘ತಾಯೊ’ ಅಂದರೆ ನೀವೂ ಸೇರಿ ‘ನಾವು’. ನಿಮ್ಮನ್ನು ಬಿಟ್ಟು ‘ನಾವು’ ಅನ್ನಲು ‘ಕಮಿ’. ಇವತ್ತಿನ ಕನ್ನಡದಲ್ಲಿ ಈ ಭೇದ ಇಲ್ಲ. ಆದರೆ ತುಳು ಬಲ್ಲವರಿಗೆ ‘ನಮ’, ‘ಎಂಕುಲು’ ಗೊತ್ತು, ಅವರು ಇದನ್ನು ಮೊದಲ ದಿನವೇ ಹಿಡಿಯುತ್ತಾರೆ.

ಜೀಪ್ನಿಯಲ್ಲಿ ಹತ್ತಿದ ಮೇಲೆ ಏನು ಹೇಳಬೇಕು ಅನ್ನುವುದನ್ನೂ ಕಲಿತುಬಿಡಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ ಕಟ್ಟಿದ ವಾಹನ ಅದು. ಸಾಂಪ್ರದಾಯಿಕ ಜೀಪ್ನಿಗೆ ಹಿಂದಿನಿಂದ ಹತ್ತಬೇಕು. ಎರಡು ಉದ್ದ ಬೆಂಚುಗಳ ಮೇಲೆ ಜನ ಎದುರುಬದುರು ಕೂರುತ್ತಾರೆ. ಎಷ್ಟೋ ಸಲ ಕಂಡಕ್ಟರ್ ಇರುವುದಿಲ್ಲ. ಹಿಂದೆ ಕೂತವರು ಹಣವನ್ನು ಪಕ್ಕದವರ ಕೈಗೆ ಕೊಡುತ್ತಾರೆ, ಅದು ಕೈಯಿಂದ ಕೈಗೆ ದಾಟಿ ಡ್ರೈವರ್ ಹತ್ತಿರ ಹೋಗುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಆಗ ಹೇಳುವ ಮಾತು: ‘ಬಾಯದ್ ಪೊ’, ದುಡ್ಡು ತಗೊಳ್ಳಿ. ಇಲ್ಲಿ ಕನ್ನಡದಲ್ಲಿ ‘ತಗೊಳ್ಳಿ’ ಬಂತು, ತಗಾಲೊಗ್‌ನಲ್ಲಿ ಕ್ರಿಯಾಪದವೇ ಇಲ್ಲ. ಪಕ್ಕದವರಿಗೆ ‘ಪಕಿಅಬೋತ್ ಪೊ’, ಸ್ವಲ್ಪ ಮುಂದೆ ದಾಟಿಸಿ. ಇಳಿಯುವಾಗ ‘ಪಾರ ಪೊ’, ನಿಲ್ಲಿಸಿ.

ಈ ‘ಪೊ’ ನಮ್ಮ ಬಹುವಚನದ ಮರ್ಯಾದೆಗೆ ಹತ್ತಿರದ್ದು. ಹಿರಿಯರು, ಗುರುತಿಲ್ಲದವರು, ಗಿರಾಕಿಗಳು, ರೋಗಿಗಳು, ಎಲ್ಲರಿಗೂ ‘ಪೊ’ ಹಾಕಿ. ‘ನೀನು’ ಅನ್ನುವ ‘ಕಾ’ ಬದಲು ‘ನೀವು’ ಅನ್ನುವ ‘ಕಯೋ’ ಹಾಕಿ. ಕೇಳಿಕೊಳ್ಳುವಾಗ ಕ್ರಿಯಾಪದದ ಮುಂದೆ ‘ಪಕಿ’ ಸೇರಿಸಿ: ‘ಪಕಿಕೂಹ’, ‘ಪಕಿದಲಾ’. ಬರೀ ‘ಕೂನಿನ್ ಮೋ’ ಅಂದರೆ ‘ತಗೋ’ ಅಂದಷ್ಟೇ ಸಲಿಗೆ. ಅದನ್ನು ಸಹೋದ್ಯೋಗಿಯ ತಾಯಿಗೆ ಹೇಳುವ ಹಾಗಿಲ್ಲ.

ಹಂತ 5: ಆಸ್ಪತ್ರೆಯಲ್ಲಿ ‘ಟೇಕ್’

ವೈದ್ಯಕೀಯ ಓದುವವರು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಈ ಹಂತವನ್ನು ನಿಧಾನವಾಗಿ ಓದಬೇಕು. ಇಲ್ಲಿ ತಪ್ಪು ಪದದಿಂದ ತೊಂದರೆಯಾಗಬಹುದು.

ಔಷಧಿಗೆ ತಗಾಲೊಗ್‌ನಲ್ಲಿ ‘ಇನೋಮ್’, ಅಂದರೆ ಕುಡಿ. ಸಿರಪ್ ಮಾತ್ರ ಅಲ್ಲ, ಮಾತ್ರೆಯನ್ನೂ ‘ಕುಡಿಯುತ್ತಾರೆ’. ಕನ್ನಡ ದಾರಿ ತಪ್ಪಿಸುವ ಮೊದಲ ಜಾಗ ಇದು. ನಾವು ‘ಮಾತ್ರೆ ತಗೊಂಡ್ರಾ?’ ಅಂತ ಕೇಳುತ್ತೇವೆ. ಅದೇ ಜಾಡಿನಲ್ಲಿ ‘ಕುಮೂಹ ನಾ ಪೊ ಬಾ ಕಯೋ ನಙ್ ಗಮೋತ್?’ ಅಂತ ರೋಗಿಯನ್ನು ಕೇಳಿದಿರಿ ಅಂದುಕೊಳ್ಳಿ. ಅವರಿಗೆ ಕೇಳಿಸುವುದು ‘ಔಷಧಿ ತಂದುಕೊಂಡ್ರಾ?’ ಅಂತ. ಫಾರ್ಮಸಿಗೆ ಹೋಗಿ ತಂದು ಟೇಬಲ್ ಮೇಲೆ ಇಟ್ಟಿದ್ದರೆ ಅವರು ಹೌದು ಅನ್ನುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಉತ್ತರ. ಮಾತ್ರೆ ಮಾತ್ರ ಇನ್ನೂ ಹೊಟ್ಟೆಗೆ ಹೋಗಿಲ್ಲ.

ಸರಿಯಾದ ಪ್ರಶ್ನೆ: ‘ಉಮಿನೋಮ್ ನಾ ಪೊ ಬಾ ಕಯೋ ನಙ್ ಗಮೋತ್?’

‘ಇನೋಮ್’ ಸ್ವರದಿಂದ ಶುರುವಾಗುವ ಪದ, ಆದ್ದರಿಂದ ‘ಉಮ್’ ಒಳಗೆ ಹೋಗದೆ ಮುಂದೆಯೇ ನಿಲ್ಲುತ್ತದೆ. ಉಮಿನೋಮ್, ಉಮಿಇನೋಮ್, ಇಇನೋಮ್. ನಿರ್ದಿಷ್ಟ ಔಷಧಿಯನ್ನು ಕೊಟ್ಟು ಹೇಳುವಾಗ ‘ಇನುಮಿನ್’:

‘ಇನುಮಿನ್ ನ್ಯೋ ಪೊ ಇತೋ, ತತ್ಲೊಙ್ ಬೇಸೆಸ್ ಸಾ ಇಸಙ್ ಆರವ್, ಪಗ್ಕತಾಪೊಸ್ ಕುಮಾಇನ್.’ ಇದನ್ನು ದಿನಕ್ಕೆ ಮೂರು ಸಲ ತಗೊಳ್ಳಿ, ಊಟ ಆದ ಮೇಲೆ.

ಈ ವಾಕ್ಯವನ್ನು ಇಡಿಯಾಗಿ ಬಾಯಿಪಾಠ ಮಾಡಿ. ‘ತತ್ಲೊಙ್’ ಮೂರು, ‘ದಲವಙ್’ ಎರಡು, ‘ಇಸಙ್’ ಒಂದು. ಸಂಖ್ಯೆ ಬದಲಾಯಿಸಿಕೊಂಡರೆ ಮಿಕ್ಕದ್ದು ಹಾಗೇ ನಡೆಯುತ್ತದೆ. ಊಟಕ್ಕೆ ಮುಂಚೆ ಅನ್ನಲು ‘ಬಾಗೊ ಕುಮಾಇನ್’.

ರಕ್ತ, ಬಿಪಿ, ಜ್ವರ ನೋಡುವಾಗ ಮಾತ್ರ ‘ಕೂಹ’ ವಾಪಸ್ ಬರುತ್ತದೆ, ಇನ್ನೊಂದು ವೇಷದಲ್ಲಿ. ಯಾರಿಂದ ತಗೊಳ್ಳುತ್ತೇವೋ ಅವರ ಮೇಲೆ ಗಮನ ಇದ್ದರೆ ಬಾಲ ‘ಅನ್’: ‘ಕೂನನ್’. ‘ಕುಕೂನನ್ ಕೋ ಪೊ ಕಯೋ ನಙ್ ದುಗೊ’, ನಿಮ್ಮಿಂದ ಸ್ವಲ್ಪ ರಕ್ತ ತಗೊಳ್ತೀನಿ. ‘ದುಗೊ’ ಜಾಗದಲ್ಲಿ ‘ಬಿಪಿ’ ಹಾಕಿದರೆ ಬಿಪಿ ನೋಡ್ತೀನಿ ಅಂತಾಯ್ತು. ‘ಕೂನಿನ್’ ಅಂದರೆ ವಸ್ತುವನ್ನು ತಗೋ, ‘ಕೂನನ್’ ಅಂದರೆ ಅವರಿಂದ ತಗೋ. ಒಂದೇ ಸ್ವರದ ವ್ಯತ್ಯಾಸ.

ಸ್ಟೆತಸ್ಕೋಪ್ ಇಟ್ಟು ‘ಉಸಿರು ಎಳೆದುಕೊಳ್ಳಿ’ ಅನ್ನಬೇಕಲ್ಲ? ಇಂಗ್ಲಿಷಿನಲ್ಲಿ ಅದಕ್ಕೂ ಟೇಕ್. ತಗಾಲೊಗ್‌ನಲ್ಲಿ ‘ಹಿಙಾ ಪೊ ನಙ್ ಮಲಾಲಿಮ್’, ಆಳವಾಗಿ ಉಸಿರಾಡಿ. ‘ಹಿಙಾ’ ಅಂದರೆ ಉಸಿರು. ಇದೇ ಬೇರಿನಿಂದ ‘ಪಹಿಙಾ’, ವಿಶ್ರಾಂತಿ. ‘ಮಗ್ಪಹಿಙಾ ಪೊ ಕಯೋ’, ವಿಶ್ರಾಂತಿ ತಗೊಳ್ಳಿ. ಕೆಲಸ ಜಾಸ್ತಿಯಾದಾಗ ನಾವು ‘ಉಸಿರಾಡಕ್ಕೂ ಪುರುಸೊತ್ತಿಲ್ಲ’ ಅನ್ನುತ್ತೇವೆ. ಹಾಗೆ ನೆನಪಿಟ್ಟರೆ ಎರಡೂ ಪದ ಮರೆಯುವುದಿಲ್ಲ.

ದಾವಾವ್, ಸೆಬು ಕಡೆ ಓದಲು ಹೋಗುವವರಿಗೆ ಒಂದು ಮಾತು. ಅಲ್ಲಿನ ಬೀದಿಯ ಭಾಷೆ ತಗಾಲೊಗ್ ಅಲ್ಲ, ಬಿಸಾಯ ಎಂದು ಕರೆಯುವ ಸೆಬುವಾನೊ. ತಗಾಲೊಗ್ ಹೇಳಿದರೆ ಜನಕ್ಕೆ ಅರ್ಥವಾಗುತ್ತದೆ. ಕೂಹ, ದಲಾ, ಇನೋಮ್, ಸಕಾಯ್ ಬೇರುಗಳು ಎರಡಕ್ಕೂ ಸಾಮಾನ್ಯ, ಅದು ನಿಮ್ಮ ಅದೃಷ್ಟ. ಆದರೆ ‘ಉಮ್’, ‘ಇನ್’ ತುರುಕುವ ಲೆಕ್ಕ ಅಲ್ಲಿ ಬೇರೆ. ಹೋಗುವ ಊರು ಯಾವುದೆಂದು ನೋಡಿಕೊಂಡೇ ಕಲಿಯಲು ಶುರು ಮಾಡಿ.

ಹಂತ 6: ಸಮಯ ‘ಹಿಡಿಯುತ್ತದೆ’

‘ಎರಡು ಗಂಟೆ ಹಿಡಿಯುತ್ತೆ’ ಅನ್ನುತ್ತೇವೆ. ತಗಾಲೊಗ್‌ನವರು ‘ಮುಟ್ಟುತ್ತೆ’ ಅನ್ನುತ್ತಾರೆ. ಜೀಪ್ನಿಯಲ್ಲಿ ದುಡ್ಡು ದಾಟಿಸಲು ಬಂದ ಅದೇ ‘ಅಬೋತ್’ ಇಲ್ಲೂ ಬರುತ್ತದೆ.

‘ಗಆನೊ ಕತಗಾಲ್ ಅಙ್ ಬಿಯಾಹೆ?’ ಪ್ರಯಾಣಕ್ಕೆ ಎಷ್ಟು ಹೊತ್ತು?

‘ಆಬೂತಿನ್ ನಙ್ ದಲವಙ್ ಓರಸ್.’ ಎರಡು ಗಂಟೆ ಹಿಡಿಯುತ್ತೆ.

‘ಇನಾಬೊತ್ ಕಮಿ ನಙ್ ತತ್ಲೊಙ್ ಓರಸ್ ಸಾ ತ್ರಾಪಿಕ್.’ ಟ್ರಾಫಿಕ್ಕಲ್ಲಿ ನಮಗೆ ಮೂರು ಗಂಟೆ ಹಿಡೀತು. ಮನಿಲಾದಲ್ಲೂ ಬೆಂಗಳೂರಿನಲ್ಲೂ ಈ ವಾಕ್ಯ ಸಮಾನವಾಗಿ ಉಪಯೋಗಕ್ಕೆ ಬರುತ್ತದೆ.

ಅವಸರ ಬೇಡ, ನಿಧಾನವಾಗಿ ಮಾಡಿ ಅನ್ನಲು ‘ದಾಹನ್-ದಾಹನ್ ಲಙ್ ಪೊ’. ಒಂದು ನಿಮಿಷ ಅನ್ನಲು ‘ಸಂದಲಿ ಲಙ್ ಪೊ’.

ಹಂತ 7: ‘ಕೂಹ’ ಧಾರಾಳವಾಗಿ ನಡೆಯುವ ಜಾಗಗಳು

ಇಷ್ಟೆಲ್ಲ ಹೇಳಿದ ಮೇಲೆ ‘ಕೂಹ’ ಬಳಸಲು ಹೆದರಬೇಡಿ. ಕೋರ್ಸಿಗೆ ಅದೇ: ‘ಅನೊಙ್ ಕುರ್ಸೊ ಅಙ್ ಕಿನೂಹ ಮೋ?’ ಯಾವ ಕೋರ್ಸ್ ತಗೊಂಡೆ? ಪರೀಕ್ಷೆಗೂ ಅದೇ: ‘ಕುಮೂಹ ಅಕೋ ನಙ್ ಎಕ್ಸಾಮ್.’ ನಾವು ಪರೀಕ್ಷೆ ಬರೆದರೂ ಅವರು ತಗೊಳ್ಳುತ್ತಾರೆ. ಬರೆಯುವುದು ಅನ್ನುವ ತಗಾಲೊಗ್ ಪದವನ್ನು ಇಲ್ಲಿ ಹಾಕಬೇಡಿ.

ಫೋಟೋಗೆ ‘ಕೂನನ್’: ‘ಕೂನನ್ ಮೋ ಅಕೋ ನಙ್ ಲಿತ್ರಾತೊ’, ನನ್ನ ಒಂದು ಫೋಟೋ ತೆಗಿ. ಹೊರಗಿನವರನ್ನು ಕೇಳುವಾಗ ‘ಪುವೇದೆ ಪೊ ಬಙ್ ಮಗ್ಪಕೂಹ ನಙ್ ಲಿತ್ರಾತೊ?’ ಒಂದು ಫೋಟೋ ತೆಗೆದುಕೊಡ್ತೀರಾ?

ಊಟದ ಮನೆಯಲ್ಲಿ ‘ಕೂಹ ಲಙ್ ಕಯೋ’ ಅಂದರೆ ಸಂಕೋಚ ಬೇಡ, ಬಡಿಸಿಕೊಳ್ಳಿ. ಅಂಗಡಿಯಲ್ಲಿ ‘ಇದನ್ನು ತಗೊಳ್ತೀನಿ’ ಅನ್ನಲು ‘ಕುಕೂನಿನ್ ಕೋ ಇತೋ’ ಸರಿಯೇ. ಆದರೆ ‘ಇತೋ ನಾ ಲಙ್ ಪೊ’ ಅನ್ನುವುದು ಕಿವಿಗೆ ಇನ್ನೂ ಸಹಜ. ಇದೇ ಕೊಡಿ ಸಾಕು, ಅಂತ.

ಹಂತ 8: ಮೈ, ಬಟ್ಟೆ, ಚಪ್ಪಲಿ

ಇಂಗ್ಲಿಷಿನಲ್ಲಿ ಈ ಮಾತುಗಳಿಗೆಲ್ಲ ಟೇಕ್, ಇಲ್ಲವೇ ಟೇಕ್ ಆಫ್. ಸ್ನಾನ ‘ಲೀಗೊ’: ನಲೀಗೊ, ನಲಿಲೀಗೊ, ಮಲಿಲೀಗೊ. ಕೂತುಕೊಳ್ಳಿ ಅನ್ನಲು ‘ಮಉಪೊ ಪೊ ಕಯೋ’. ಬಟ್ಟೆ, ಶೂ ಬಿಚ್ಚುವುದು ‘ಹುಬರಿನ್’. ಕನ್ನಡಕ, ಮಾಸ್ಕ್ ಥರದ್ದನ್ನು ತೆಗೆಯುವುದು ‘ತಂಗಲಿನ್’. ವಿಮಾನ ಮೇಲೇರಿದರೆ ‘ಲುಮಿಪಾದ್’, ಹಾರಿತು. ಇವುಗಳಲ್ಲಿ ಯಾವುದಕ್ಕೂ ‘ಕೂಹ’ ಹತ್ತಿರ ಸುಳಿಯುವುದಿಲ್ಲ.

‘ತಂಗಲಿನ್’ ಜೊತೆ ಹುಷಾರಾಗಿರಿ. ‘ತಂಗಪಿನ್’ ಅಂದರೆ ಸ್ವೀಕರಿಸು. ಕೇಳಲು ಅವಳಿಗಳ ಹಾಗಿವೆ, ಅರ್ಥ ಮಾತ್ರ ಪೂರ್ತಿ ಉಲ್ಟಾ: ಒಂದು ತೆಗೆದುಹಾಕುವುದು, ಇನ್ನೊಂದು ಒಪ್ಪಿಕೊಳ್ಳುವುದು. ಅಂಗಡಿಯಲ್ಲಿ ಕಾರ್ಡ್ ತಗೊಳ್ತೀರಾ ಅಂತ ಕೇಳಲು ‘ತಂಗಪಿನ್’ ಕುಟುಂಬದ ಪದ ಬೇಕು: ‘ತಿನತಂಗಪ್ ನ್ಯೋ ಪೊ ಬಾ ಅಙ್ ಕಾರ್ಡ್?’

ಹಂತ 9: ನೋಡಿಕೊಳ್ಳುವುದು, ಮನಸ್ಸಿಗೆ ತಗೊಳ್ಳುವುದು

ಇದು ನನಗೆ ಅತಿ ಇಷ್ಟದ ಭಾಗ. ಇಂಗ್ಲಿಷಿನ ‘ಟೇಕ್ ಕೇರ್’ ಕನ್ನಡದಲ್ಲಿ ಹೆಚ್ಚಾಗಿ ‘ನೋಡ್ಕೋ’ ಆಗುತ್ತದೆ. ಮಗುವನ್ನೂ ನೋಡ್ಕೋತೀವಿ, ಅಂಗಡಿಯನ್ನೂ ನೋಡ್ಕೋತೀವಿ, ಹುಷಾರಾಗಿ ನೋಡ್ಕೊಂಡು ಹೋಗು ಅಂತಲೂ ಅನ್ನುತ್ತೇವೆ. ಕನ್ನಡ ದಾರಿ ತಪ್ಪಿಸುವ ಇನ್ನೊಂದು ಜಾಗ ಇದು. ತಗಾಲೊಗ್ ಇದನ್ನು ಮೂರು ಮಾಡುತ್ತದೆ.

ಬೀಳ್ಕೊಡುವಾಗ ‘ಈಙತ್’. ಹುಷಾರು, ಹೋಗಿಬನ್ನಿ. ಹಿರಿಯರಿಗೆ ‘ಈಙತ್ ಪೊ ಕಯೋ’. ದಿನಕ್ಕೆ ಹತ್ತು ಸಲ ಕೇಳಿಸುವ ಮಾತು. ಗಲ್ಫಿನಲ್ಲಿ ಶಿಫ್ಟ್ ಮುಗಿಸಿ ಹೊರಡುವ ಫಿಲಿಪಿನೊ ಸಹೋದ್ಯೋಗಿಗೆ ಇದೊಂದು ಮಾತು ಹೇಳಿ ನೋಡಿ, ಅವರ ಮುಖ ಅರಳುತ್ತದೆ.

ಮಗು, ರೋಗಿ, ಗಿಡ, ನಾಯಿ, ಇವುಗಳನ್ನು ಸಾಕಿ ಸಲಹುವ ರೀತಿಯ ಆರೈಕೆಗೆ ‘ಅಲಗಾಅನ್’. ‘ಅಲಗಾಅನ್ ಮೋ ಅಙ್ ಸರೀಲಿ ಮೋ’, ನಿನ್ನನ್ನು ನೀನು ಚೆನ್ನಾಗಿ ನೋಡ್ಕೋ.

ಕೆಲಸದ ಹೊಣೆ ಹೊರುವುದಾದರೆ ‘ಬಹಾಲ’. ‘ಅಕೋ ನಾ ಅಙ್ ಬಹಾಲ’, ಬಿಡು, ನಾನು ನೋಡ್ಕೋತೀನಿ. ‘ನಾನಿದ್ದೀನಲ್ಲ’ ಅನ್ನುವ ಭರವಸೆ ಇದರಲ್ಲಿದೆ. ಅದೇ ಪದ ‘ಬಹಾಲ ನಾ’ ಆದರೆ ‘ಆದದ್ದಾಗಲಿ’ ಅನ್ನುವ ಕಡೆಗೆ ವಾಲುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಧೈರ್ಯ ಹೇಳಲು ಹೋಗಿ ಕೈಚೆಲ್ಲಿದ ಹಾಗಾಗುತ್ತದೆ.

ಇಂಗ್ಲಿಷಿನ ‘ಟೇಕ್ ಆಫ್ಟರ್’ಗೆ, ಅಂದರೆ ಮಗು ಅಮ್ಮನ ಹಾಗೇ ಇದೆ ಅನ್ನಲು, ‘ಮಾನ’, ಅಂದರೆ ಪಿತ್ರಾರ್ಜಿತ. ‘ನಗ್ಮಾನ ಸಿಯಾ ಸಾ ನಾನಯ್ ನಿಯಾ’, ಅಮ್ಮನಿಂದ ಬಂದಿದೆ ಅವಳಿಗೆ. ಗುಣಕ್ಕೂ ಆಗುತ್ತದೆ, ರೂಪಕ್ಕೂ ಆಗುತ್ತದೆ. ಬರೀ ಮುಖದ ಹೋಲಿಕೆ ಹೇಳಲು ‘ಕಮುಕ್ಹಾ’. ಇದರೊಳಗಿರುವ ‘ಮುಕ್ಹಾ’ ನಮ್ಮ ‘ಮುಖ’ವೇ. ಸಂಸ್ಕೃತದಿಂದ ಹೊರಟು ಕಡಲ ದಾರಿಯಲ್ಲಿ ಅಲ್ಲಿಗೆ ಹೋಗಿ ನೆಲೆಸಿದ ಪದ. ಅಂದ ಹಾಗೆ ‘ಸಿಯಾ’ ಅಂದರೆ ಅವನೂ ಹೌದು, ಅವಳೂ ಹೌದು.

ಮನಸ್ಸಿಗೆ ತಗೊಳ್ಳಬೇಡಿ, ತಪ್ಪು ತಿಳ್ಕೋಬೇಡಿ ಅನ್ನಲು: ‘ಹುವಾಗ್ ಮೋ ಸಾನಙ್ ಮಸಮಇನ್.’ ‘ಮಸಮಾ’ ಅಂದರೆ ಕೆಟ್ಟದ್ದು. ಕೆಟ್ಟದ್ದಾಗಿ ಭಾವಿಸಬೇಡ ಅಂತ. ‘ಸಾನ’ ಸೇರಿದ್ದರಿಂದ ಅದು ಬೇಡಿಕೆಯ ಧಾಟಿಗೆ ಇಳಿಯಿತು. ಕಟುವಾದ ವಿಷಯ ಹೇಳುವ ಮೊದಲು ಈ ವಾಕ್ಯ ಹಾಕಿದರೆ ಕೇಳುವವರಿಗೆ ಹಗುರವಾಗುತ್ತದೆ.

ಹಂತ 10: ಇಂಗ್ಲಿಷನ್ನೇ ತಗಾಲೊಗ್ ಮಾಡುವುದು, ಮತ್ತು ಅಭ್ಯಾಸ

ಮನಿಲಾದ ಹುಡುಗರು ‘ಟೇಕ್’ ಪದವನ್ನೇ ಎತ್ತಿಕೊಂಡು ಬಳಸುವುದೂ ಉಂಟು. ‘ನಗ್-ತೇಕ್ ಅಕೋ ನಙ್ ಎಕ್ಸಾಮ್’, ಬರೆದಾಯ್ತು. ‘ಮಗ್ತೆ-ತೇಕ್ ಅಕೋ ನಙ್ ಎಕ್ಸಾಮ್’, ಬರೆಯಲಿದ್ದೇನೆ. ಗಮನಿಸಿ, ಪದ ಇಂಗ್ಲಿಷಿನದು, ಆದರೂ ಮೊದಲ ತುಂಡನ್ನು ಎರಡು ಸಲ ಹೇಳುವ ನಿಯಮ ತಪ್ಪಲಿಲ್ಲ. ನಾವು ಇಂಗ್ಲಿಷ್ ಪದಕ್ಕೆ ‘ಮಾಡು’ ಅಂಟಿಸಿ ಕನ್ನಡ ಮಾಡಿಕೊಳ್ಳುತ್ತೇವೆ, ಅವರು ‘ಮಗ್’ ಅಂಟಿಸುತ್ತಾರೆ. ಇದನ್ನು ಕೇಳಿ ಅರ್ಥ ಮಾಡಿಕೊಳ್ಳಿ. ಆದರೆ ಹೊಸದಾಗಿ ಕಲಿಯುವವರು ಇದನ್ನೇ ಊರುಗೋಲು ಮಾಡಿಕೊಂಡರೆ ಕೂಹ, ದಲಾ, ಇನೋಮ್ ನಾಲಿಗೆಗೆ ಹತ್ತುವುದೇ ಇಲ್ಲ. ಮೊದಲ ಕೆಲವು ತಿಂಗಳು ದೂರ ಇಡಿ ಅನ್ನುವುದು ನನ್ನ ಸಲಹೆ.

ಅಭ್ಯಾಸಕ್ಕೆ ರಾತ್ರಿ ಮಲಗುವ ಮೊದಲು ಆ ದಿನ ಮಾಡಿದ್ದನ್ನು ಕನ್ನಡದಲ್ಲಿ ಬರೆಯಿರಿ. ಒಂದೊಂದು ವಾಕ್ಯದ ಕ್ರಿಯಾಪದಕ್ಕೂ ಗೆರೆ ಎಳೆಯಿರಿ. ಆ ಕ್ರಿಯಾಪದಕ್ಕೆ ತಗಾಲೊಗ್ ಹುಡುಕಿ, ಇಂಗ್ಲಿಷ್ ನಡುವೆ ತರಬೇಡಿ. ಒಂದು ಮಾದರಿ ಕೊಡುತ್ತೇನೆ. ಮೊದಲು ಬಲಗಡೆಯದನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

ಸ್ನಾನ ಮಾಡಿದೆ: ನಲೀಗೊ ಅಕೋ.
ಮಾತ್ರೆ ತಗೊಂಡೆ: ಉಮಿನೋಮ್ ಅಕೋ ನಙ್ ಗಮೋತ್.
ಮಗಳನ್ನು ಸ್ಕೂಲಿಗೆ ಬಿಟ್ಟೆ: ಹಿನತಿದ್ ಕೋ ಅಙ್ ಅನಾಕ್ ಕೋ ಸಾ ಎಸ್ಕ್ವೇಲ.
ಕೊಡೆ ತಗೊಂಡು ಹೋದೆ: ನಗ್ದಲಾ ಅಕೋ ನಙ್ ಪಾಯೊಙ್.
ಬಸ್ ಹತ್ತಿದೆ: ಸುಮಕಾಯ್ ಅಕೋ ನಙ್ ಬಸ್.
ಪ್ರಯಾಣಕ್ಕೆ ಎರಡು ಗಂಟೆ ಹಿಡೀತು: ಇನಾಬೊತ್ ನಙ್ ದಲವಙ್ ಓರಸ್ ಅಙ್ ಬಿಯಾಹೆ.

ಮೂರನೇ ಸಾಲಿನಲ್ಲಿ ‘ಅಕೋ’ ಬದಲು ‘ಕೋ’ ಯಾಕೆ ಬಂತು ಅನ್ನುವುದು ಹೊಳೆಯದಿದ್ದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ‘ಪುಸ್ತಕ’ ಮತ್ತು ‘ಪುಸ್ತಕವನ್ನು’ ಇರುವ ಜಾಗವನ್ನು ಇನ್ನೊಮ್ಮೆ ಓದಿ. ಹೊಳೆದಿದ್ದರೆ ನಾಲ್ಕನೇ ಸಾಲನ್ನು ‘ಆ ಕೊಡೆಯನ್ನು ತಗೊಂಡು ಹೋದೆ’ ಎಂದು ಬದಲಾಯಿಸಿ ನೋಡಿ. ‘ದಿನಲಾ ಕೋ ಅಙ್ ಪಾಯೊಙ್’ ಅಂತ ಬರಬೇಕು.